ಕಡಲ ಸಂಶೋಧನೆಗೆ ಹಾಯಿದೋಣಿಯೇ ಬೇಕಾ? ಕೊಡಗಿನಿಂದ ಹೊರಡುವವರಿಗೆ ಒಂದು ಹೋಲಿಕೆ

ವಿರಾಜಪೇಟೆ ಕಡೆಯ ನಿವೃತ್ತ ನೌಕಾಪಡೆಯವರೊಬ್ಬರಿಗೆ ಹಾಯಿದೋಣಿ ಕೊಂಡು ಡಾಲ್ಫಿನ್, ತಿಮಿಂಗಿಲಗಳ ಲೆಕ್ಕ ಇಡುವ ಆಸೆ. ಗೋಣಿಕೊಪ್ಪದ ಉಪನ್ಯಾಸಕಿಯೊಬ್ಬರಿಗೆ ವಿದ್ಯಾರ್ಥಿಗಳ ಕೈಯಲ್ಲಿ ಸಮುದ್ರದ ಪ್ಲಾಸ್ಟಿಕ್ ಅಳೆಸಬೇಕು. ಸುಂಟಿಕೊಪ್ಪದ ಬೆಳೆಗಾರರ ಗುಂಪೊಂದು ಒಟ್ಟಿಗೆ ದುಡ್ಡು ಹಾಕಿ ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ತೆಗೆದುಕೊಂಡು, ಅದನ್ನು ಸಂಶೋಧಕರಿಗೂ ಬಿಟ್ಟುಕೊಡೋಣ ಅಂತ ಯೋಚಿಸುತ್ತಿದೆ. ಮೂವರೂ ಕೇಳುವುದು ಒಂದೇ: ಯಾವ ದೋಣಿ ಒಳ್ಳೇದು?

ಬೆಟ್ಟದ ಊರಿನವರಿಗೆ ಕಡಲಿನ ಉಸಾಬರಿ ಯಾಕೆ ಅಂತ ಕೇಳುವವರಿದ್ದಾರೆ. ನಮ್ಮ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿದರೆ ಉತ್ತರ ಸಿಗುತ್ತದೆ. ಕಾವೇರಿ ಪೂರ್ವಕ್ಕೆ ಹರಿದು ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತಾಳೆ. ಬ್ರಹ್ಮಗಿರಿ ಕಡೆಯ ಬರಪೊಳೆ ಕೇರಳಕ್ಕೆ ಇಳಿದು, ವಳಪಟ್ಟಣಂ ಹೊಳೆಯನ್ನು ಕೂಡಿ, ಕಣ್ಣೂರಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಪಯಸ್ವಿನಿ ಸಂಪಾಜೆ, ಸುಳ್ಯ ದಾಟಿ ಚಂದ್ರಗಿರಿ ಎಂಬ ಹೆಸರಲ್ಲಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಇಲ್ಲಿ ಹೊಳೆಗೆ ಬಿದ್ದ ಚಿಪ್ಸ್ ಪ್ಯಾಕೆಟ್‌ಗೆ ಎರಡು ಸಮುದ್ರದ ದಾರಿ ತೆರೆದಿದೆ. ಹಾಗಾಗಿ ಈ ಪ್ರಶ್ನೆ ನಮ್ಮದೂ ಹೌದು.

ಆದರೆ "ಯಾವ ದೋಣಿ" ಅನ್ನುವುದು ಎರಡನೇ ಪ್ರಶ್ನೆ. ಮೊದಲು ಯಾವುದರ ಮೇಲೆ ಅಳೆಯಬೇಕು ಅಂತ ನೋಡೋಣ.

ಯಾವುದನ್ನು ನೋಡಿ ಆರಿಸಬೇಕು

ಒಂದು ಹಾಳೆ ತೆಗೆದುಕೊಂಡು, ನಿಮಗೆ ಏನು ತಿಳಿಯಬೇಕು ಅಂತ ಒಂದೇ ವಾಕ್ಯ ಬರೆಯಿರಿ. "ಕಡಲನ್ನು ಉಳಿಸಬೇಕು" ಅಂತ ಬರೆದರೆ ಯಾವ ದೋಣಿಯೂ ಹೊಂದುವುದಿಲ್ಲ. "ಚಂದ್ರಗಿರಿ ಅಳಿವೆಯ ಹೊರಗೆ ಮಳೆಗಾಲ ಮುಗಿದ ಮೇಲೆ ನೀರಿನ ಮೇಲ್ಪದರದಲ್ಲಿ ಎಷ್ಟು ಪ್ಲಾಸ್ಟಿಕ್ ಚೂರು ತೇಲುತ್ತದೆ" ಅಂತ ಬರೆದರೆ ಅರ್ಧ ತೀರ್ಮಾನ ಅಲ್ಲೇ ಆಯ್ತು. ದೂರ ಎಷ್ಟು, ತಿಂಗಳು ಯಾವುದು, ಬಲೆ ಎಂಥದ್ದು, ಎಷ್ಟು ಜನ ಬೇಕು ಎಲ್ಲ ಆ ವಾಕ್ಯದಿಂದಲೇ ಹೊರಡುತ್ತದೆ.

ಎರಡನೆಯದು ಸದ್ದು. ನೀರಿನ ಮೇಲಿನ ಕಸ ಹಿಡಿಯುವವರಿಗೆ ಎಂಜಿನ್ ಸದ್ದಿನಿಂದ ತೊಂದರೆ ಇಲ್ಲ. ತಿಮಿಂಗಿಲದ ಸದ್ದು ಕೇಳಬೇಕಾದವರಿಗೆ ಅದೇ ದೊಡ್ಡ ಅಡ್ಡಿ.

ಮೂರನೆಯದು ವೇಗ. ಮೇಲ್ಪದರದ ಪ್ಲಾಸ್ಟಿಕ್ ಮತ್ತು ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಹಿಡಿಯುವ ಮಾಂಟಾ ಬಲೆಯನ್ನು ಎರಡರಿಂದ ಮೂರು ನಾಟ್ ವೇಗದಲ್ಲಿ ಎಳೆಯಬೇಕು. ಅಂದರೆ ಗಂಟೆಗೆ ಸುಮಾರು ನಾಲ್ಕರಿಂದ ಐದೂವರೆ ಕಿ.ಮೀ., ಮನುಷ್ಯ ನಡೆಯುವಷ್ಟು. ಜಾಸ್ತಿ ಆದರೆ ಬಲೆ ನೀರಿನ ಮೇಲೆ ಕುಪ್ಪಳಿಸುತ್ತದೆ, ಲೆಕ್ಕ ಕೆಡುತ್ತದೆ. ಇಷ್ಟು ನಿಧಾನವಾಗಿ, ಒಂದೇ ಸಮನೆ ಹೋಗುವುದು ಎಲ್ಲ ದೋಣಿಗೂ ಸುಲಭ ಅಲ್ಲ.

ನಾಲ್ಕನೆಯದು ತಿಂಗಳು. ಕೊಡಗಿನವರಿಗೆ ಇದೇ ಬಿಗಿಯಾದ ಗಂಟು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ಆಗಸ್ಟ್‌ನಲ್ಲೂ ಕಡಲು ಬಿರುಸಾಗಿಯೇ ಇರುತ್ತದೆ. ಭಾಗಮಂಡಲದಲ್ಲಿ ದಿನಗಟ್ಟಲೆ ಮಳೆ ಸುರಿಸುವ ಗಾಳಿಯೇ ಅಲ್ಲಿ ಅಲೆ ಎಬ್ಬಿಸುವುದು. ಕಷ್ಟ ಏನೆಂದರೆ, ನಮ್ಮ ಕಡಲಿನಲ್ಲಿ ಜೀವ ಉಕ್ಕುವುದೂ ಆಗಲೇ. ಮುಂಗಾರಿನಲ್ಲಿ ತಳದ ತಣ್ಣನೆ ನೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ, ಪ್ಲಾಂಕ್ಟನ್ ಬೆಳೆಯುತ್ತದೆ, ಅದನ್ನು ನಂಬಿ ಬೂತಾಯಿ, ಬಂಗುಡೆ ಬರುತ್ತವೆ. ಅಂಥ ಸಮಯದಲ್ಲಿ ಸಣ್ಣ ದೋಣಿ ಹೊರಗೆ ಹೋಗುವ ಹಾಗಿಲ್ಲ.

ಕಡಲು ಶಾಂತವಾಗಿರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಬೆಳಗ್ಗೆ ನೆಲದ ಕಡೆಯಿಂದ ತೆಳು ಗಾಳಿ, ಮಧ್ಯಾಹ್ನ ಕಡಲ ಗಾಳಿ. ಹಾಯಿಗೆ ಹೇಳಿ ಮಾಡಿಸಿದ ಕಾಲ. ಆದರೆ ತೋಟದವರಿಗೆ ಅದು ಅರೇಬಿಕಾ, ರೋಬಸ್ಟಾ ಕುಯ್ಲಿನ ಕಾಲ. ಕಣದಲ್ಲಿ ಕಾಫಿ ಹರಡಿಟ್ಟು ಯಾರು ಮಂಗಳೂರಿಗೆ ಹೋಗುತ್ತಾರೆ? ಉಳಿಯುವುದು ಅಕ್ಟೋಬರ್, ಮತ್ತೆ ಏಪ್ರಿಲ್‌ನಿಂದ ಮೇ ಮೊದಲ ವಾರ. ಈ ಎರಡು ಸಂದಿನ ಆಚೀಚೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದೂ ಉಂಟು. ತೌಕ್ತೆ ಬಂದದ್ದು 2021ರ ಮೇ ಮಧ್ಯದಲ್ಲಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ಮುನ್ಸೂಚನೆ ಕೊಡುತ್ತದೆ. ಹೊರಡುವ ವಾರ ಅದನ್ನು ನೋಡದೆ ಬಸ್ ಟಿಕೆಟ್ ಕೂಡ ಮಾಡಬೇಡಿ.

ಇನ್ನು ದುಡ್ಡು. ಹಾಯಿದೋಣಿ ಇಟ್ಟುಕೊಂಡವರು ಸಾಮಾನ್ಯವಾಗಿ ಹೇಳುವ ಅಂದಾಜು: ವರ್ಷದ ಖರ್ಚು ದೋಣಿಯ ಬೆಲೆಯ ಹತ್ತರಲ್ಲಿ ಒಂದು ಭಾಗ. ನಲವತ್ತು ಲಕ್ಷದ ದೋಣಿಗೆ ವರ್ಷಕ್ಕೆ ನಾಲ್ಕು ಲಕ್ಷ, ಅದು ಕಡಲಿಗೆ ಇಳಿದರೂ ಇಳಿಯದಿದ್ದರೂ. ಗಾಳಿಗೆ ದುಡ್ಡಿಲ್ಲ ಅನ್ನುವುದು ನಿಜ. ಆದರೆ ಹಾಯಿ, ಹಗ್ಗ, ತಳದ ಬಣ್ಣ, ಲಂಗರು ಹಾಕುವ ಜಾಗ, ವಿಮೆ, ಕಾವಲು ಎಲ್ಲಕ್ಕೂ ದುಡ್ಡಿದೆ.

ಕಾನೂನನ್ನೂ ಸೇರಿಸಿ. ಡಾಲ್ಫಿನ್, ತಿಮಿಂಗಿಲ, ಕಡಲಾಮೆ, ಹವಳ ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ದೂರದಿಂದ ನೋಡಿ ಬರೆದುಕೊಳ್ಳುವುದು ಬೇರೆ, ಮುಟ್ಟುವುದು, ಮಾದರಿ ತೆಗೆಯುವುದು ಬೇರೆ. ಎರಡನೆಯದಕ್ಕೆ ಅನುಮತಿ ಇಲ್ಲದೆ ಕೈ ಹಾಕುವಂತಿಲ್ಲ.

ಮೀನುಗಾರರ ಬೋಟು ಬಾಡಿಗೆಗೆ

ಹಾಯಿಯ ಮಾತು ಶುರು ಮಾಡಿ ಟ್ರಾಲ್ ಬೋಟಿಗೆ ಬಂದೆ ಅಂತ ಬೇಸರ ಬೇಡ. ಮಂಗಳೂರು, ಮಲ್ಪೆಯ ಬೋಟಿನ ಜೊತೆ ಹೋಲಿಸದೆ ಹಾಯಿದೋಣಿಯ ಬೆಲೆ ಗೊತ್ತಾಗುವುದಿಲ್ಲ.

ಟ್ರಾಲ್ ಬೋಟು ಹುಟ್ಟಿದ್ದೇ ನಿಧಾನವಾಗಿ ಬಲೆ ಎಳೆಯುವುದಕ್ಕೆ. ನಮಗೆ ಬೇಕಾದ ಎರಡು, ಮೂರು ನಾಟ್ ವೇಗ ಅದಕ್ಕೆ ದಿನನಿತ್ಯದ ಕೆಲಸ. ಹಿಂಬದಿಯಲ್ಲಿ ಹಗ್ಗ ಸುತ್ತಿ ಎಳೆಯುವ ವಿಂಚ್ ಇದೆ. ತಾಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ಅಳಿವೆಯ ಮರಳು ಎಲ್ಲಿ ಸರಿದಿದೆ, ಯಾವ ಗಂಟೆಗೆ ಒಳಗೆ ಬರಬೇಕು ಅನ್ನುವುದು ಗೊತ್ತು. ಆ ತಿಳಿವಳಿಕೆ ಯಾವ ಹಾಯಿದೋಣಿಯ ಜೊತೆಗೂ ಬರುವುದಿಲ್ಲ. ಮಡಿಕೇರಿಯಿಂದ ನಸುಕಿಗೆ ಮುಂಚೆ ಹೊರಟರೆ ಸಂಪಾಜೆ ಘಾಟಿ ಇಳಿದು ಬೆಳಗ್ಗೆಯೇ ದಕ್ಕೆ ತಲುಪಬಹುದು. ಒಂದು ದಿನದ ಡೀಸೆಲ್, ಜನರ ಕೂಲಿ, ಆ ದಿನ ತಪ್ಪಿದ ಮೀನಿನ ಬಾಬ್ತು ಕೊಟ್ಟರೆ ಮುಗಿಯಿತು. ಉಳಿದ ದಿನ ದೋಣಿಯ ಚಿಂತೆ ನಿಮ್ಮದಲ್ಲ.

ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಮಾಂಟಾ ಬಲೆಯ ಬಾಯಿ ಸಾಮಾನ್ಯವಾಗಿ 60 ಸೆಂ.ಮೀ. ಅಗಲ, ಕಣ್ಣು ಒಂದು ಮಿಲಿಮೀಟರ್‌ನ ಮೂರನೇ ಒಂದು ಭಾಗದಷ್ಟು. ಎರಡೂವರೆ ನಾಟ್‌ನಲ್ಲಿ ಅರ್ಧ ಗಂಟೆ ಎಳೆದರೆ ಸುಮಾರು 2.3 ಕಿ.ಮೀ. ಆಯ್ತು. ಅಂದರೆ ಹತ್ತಿರಹತ್ತಿರ 1,400 ಚದರ ಮೀಟರ್ ನೀರಿನ ಮೇಲ್ಮೈ ಗುಡಿಸಿದ ಹಾಗೆ. ಬಲೆ ಎತ್ತಿದ ಮೇಲೆ ಹೊರಗಿನಿಂದ ನೀರು ಹಾಯಿಸಿ, ಅಂಟಿಕೊಂಡದ್ದನ್ನೆಲ್ಲ ತುದಿಯ ಡಬ್ಬಿಗೆ ಇಳಿಸಬೇಕು. ಒಳಗಿನಿಂದ ತೊಳೆದರೆ ಆ ನೀರಿನಲ್ಲಿದ್ದ ಕಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಡಬ್ಬಿಯಲ್ಲಿದ್ದದ್ದನ್ನು ಲೋಹದ ಜರಡಿಗೆ ಸುರಿದರೆ ಮೊದಲು ಕಾಣುವುದು ಕಂದು ಗಂಜಿಯಂಥದ್ದು. ಕಣ್ಣು ಹೊಂದಿಕೊಂಡ ಮೇಲೆ ಅದರಲ್ಲಿ ಕೋಪಿಪಾಡ್ ಎಂಬ ಪುಟ್ಟ ಜೀವಿಗಳು ಚಿಮ್ಮುವುದು, ಪಾರದರ್ಶಕ ಮೀನಿನ ಮೊಟ್ಟೆ, ಅವುಗಳ ನಡುವೆ ನೀಲಿ, ಹಸಿರು ನೈಲಾನ್ ಎಳೆ, ಥರ್ಮೊಕೋಲ್ ಕಾಳು ಕಾಣುತ್ತವೆ. ವಿದ್ಯಾರ್ಥಿಗಳು ಆ ಜರಡಿಯ ಮೇಲೆ ಬಗ್ಗಿ ನೋಡಬೇಕು ಅನ್ನುವುದೇ ನಿಮ್ಮ ಆಸೆಯಾದರೆ ಟ್ರಾಲ್ ಬೋಟು ಧಾರಾಳ ಸಾಕು.

ಕುಂದುಕೊರತೆ ಇದೆ. ಆ ನೀಲಿ ಎಳೆ ಕಡಲಿನದೋ, ನಿಮ್ಮ ಪಕ್ಕದಲ್ಲೇ ರಾಶಿ ಬಿದ್ದಿರುವ ಬೋಟಿನ ಬಲೆಯದೋ? ಈ ಸಂಶಯ ಬರಲೇಬೇಕು. ಬೋಟಿನ ಬಣ್ಣದ ಚಕ್ಕೆ ಕೂಡ ಮಾದರಿಗೆ ಬೀಳುತ್ತದೆ. ಅದಕ್ಕೆ ಬೋಟಿನ ಬಣ್ಣ, ಹಗ್ಗ, ಬಲೆಯ ಒಂದೊಂದು ಚೂರನ್ನು ಮೊದಲೇ ಎತ್ತಿಟ್ಟುಕೊಂಡು ಆಮೇಲೆ ಹೋಲಿಸಿ ನೋಡಬೇಕು. ಬಲೆಯನ್ನು ಹಿಂಬದಿಗೆ ಕಟ್ಟದೆ, ಪಕ್ಕಕ್ಕೆ ಒಂದು ಕೋಲು ಚಾಚಿ, ಎಂಜಿನ್ ಕಲಕಿದ ನೀರಿನ ಹೊರಗೆ ಎಳೆಯಬೇಕು. ಇದು ಹಾಯಿದೋಣಿಗೂ ಅನ್ವಯ. ಅದರಲ್ಲೂ ನೈಲಾನ್ ಹಗ್ಗ, ಫೈಬರ್ ಒಡಲು ಇದ್ದೇ ಇರುತ್ತದೆ.

ಇನ್ನೊಂದು, ಮೀನುಗಾರಿಕೆಗೆ ನೋಂದಾಯಿಸಿದ ಬೋಟು ಜನರನ್ನು ಸಾಗಿಸುವುದಕ್ಕಲ್ಲ. ಸುಮ್ನೆ ಪರಿಚಯದ ಮೇಲೆ ಇಪ್ಪತ್ತು ಮಕ್ಕಳನ್ನು ಹತ್ತಿಸಿಬಿಡಬೇಡಿ. 1969ರಿಂದ ಇರುವ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನು ಮೊದಲು ಕಂಡು, ಅವರ ಮೂಲಕ ಬಂದರು ಮತ್ತು ಮೀನುಗಾರಿಕೆ ಇಲಾಖೆಯ ಒಪ್ಪಿಗೆ ಪಡೆಯಿರಿ. ವಿಮೆ, ಎಲ್ಲರಿಗೂ ಲೈಫ್ ಜಾಕೆಟ್, ಪೋಷಕರ ಸಹಿ. ಇದರಲ್ಲಿ ಒಂದು ಇಲ್ಲದಿದ್ದರೂ ಆ ದಿನ ದಡದಲ್ಲೇ ಕೆಲಸ ಮಾಡಿ.

ಒಂದೇ ಒಡಲಿನ ಹಾಯಿದೋಣಿ

ಮೂವತ್ತೈದರಿಂದ ನಲವತ್ತೈದು ಅಡಿಯ ಮೊನೊಹಲ್. ಕಡಲ ಸಂಶೋಧನೆಯಲ್ಲಿ ಹಾಯಿಗೆ ಹೆಸರು ತಂದದ್ದು ಹೆಚ್ಚಾಗಿ ಇಂಥ ದೋಣಿಗಳೇ.

ನಮ್ಮ ಕಡಲಿಗೇ ಹತ್ತಿರದ ಉದಾಹರಣೆ ಇದೆ. ಹಿಂದೂ ಮಹಾಸಾಗರವನ್ನು 1979ರಲ್ಲಿ ತಿಮಿಂಗಿಲಗಳ ಅಭಯಧಾಮ ಅಂತ ಘೋಷಿಸಿದ ಮೇಲೆ, 1980ರ ದಶಕದ ಆರಂಭದಲ್ಲಿ ಟ್ಯೂಲಿಪ್ ಎಂಬ ಸುಮಾರು ಹತ್ತು ಮೀಟರ್ ಉದ್ದದ ಹಾಯಿದೋಣಿಯಲ್ಲಿ ಹಾಲ್ ವೈಟ್‌ಹೆಡ್, ಜೊನಾಥನ್ ಗಾರ್ಡನ್ ಮೊದಲಾದ ಸಂಶೋಧಕರು ಶ್ರೀಲಂಕಾದ ಸುತ್ತ ಸ್ಪರ್ಮ್ ತಿಮಿಂಗಿಲಗಳನ್ನು ಹಿಂಬಾಲಿಸಿದರು. ನೀರಿನೊಳಗೆ ಹೈಡ್ರೋಫೋನ್ (ನೀರಿನ ಸದ್ದು ಹಿಡಿಯುವ ಮೈಕ್) ಬಿಟ್ಟು, ಆ ಪ್ರಾಣಿಗಳು ಮಾಡುವ ಟಿಕ್ ಟಿಕ್ ಸದ್ದಿನ ಜಾಡು ಹಿಡಿದು ಹೋಗುವುದು ಅವರ ದಾರಿ. ಎಂಜಿನ್ ಹಚ್ಚಿಕೊಂಡು ಈ ಕೆಲಸ ಇಷ್ಟು ಚೆನ್ನಾಗಿ ಆಗುವುದಿಲ್ಲ. ಮುಂದೆ 2004ರಲ್ಲಿ ಇದೇ ಉದ್ದೇಶಕ್ಕೆ ಅಂತ ಸಾಂಗ್ ಆಫ್ ದ ವೇಲ್ ಎಂಬ 21 ಮೀಟರ್ ಹಾಯಿನೌಕೆಯನ್ನೇ ಕಟ್ಟಿದರು. ಅದರ ದೊಡ್ಡ ಗುಣ ಮೌನ.

ಬಾಡಿಗೆ ಬೋಟಿನಲ್ಲೂ ಎಂಜಿನ್ ಆರಿಸಿ ಕೇಳಬಹುದಲ್ವಾ ಅಂತ ನೀವು ಕೇಳಬಹುದು. ಕೇಳಬಹುದು, ನಿಂತ ಜಾಗದಲ್ಲಿ. ಹೋಗುತ್ತಾ ಹೋಗುತ್ತಾ ರಾತ್ರಿಯಿಡೀ ಕೇಳುತ್ತಿರಬೇಕಾದರೆ ಹಾಯಿಯೇ ಬೇಕು. ಜೊತೆಗೆ ಹಾಯಿದೋಣಿ ವಾರಗಟ್ಟಲೆ ಹೊರಗೆ ಇರುತ್ತದೆ. ಡೀಸೆಲ್ ಮುಗಿಯಿತು ಅಂತ ವಾಪಸ್ ಬರಬೇಕಾಗಿಲ್ಲ.

ಗೋವಾದಲ್ಲಿ ಕಟ್ಟಿದ 17 ಮೀಟರ್‌ನ ನೌಕಾಪಡೆಯ ಹಾಯಿನೌಕೆ ಐಎನ್‌ಎಸ್‌ವಿ ತಾರಿಣಿ 2017ರ ಸೆಪ್ಟೆಂಬರ್‌ನಿಂದ 2018ರ ಮೇವರೆಗೆ ಪ್ರಪಂಚ ಸುತ್ತಿತು. ವರ್ತಿಕಾ ಜೋಶಿ ಅವರ ಮುಂದಾಳತ್ವದಲ್ಲಿ ಆರು ಮಂದಿ ನೌಕಾಪಡೆಯ ಹೆಣ್ಣುಮಕ್ಕಳು. ಅದು ಸಂಶೋಧನಾ ನೌಕೆ ಅಲ್ಲ. ಆದರೂ ದಾರಿಯುದ್ದಕ್ಕೂ ಹವಾಮಾನ, ಅಲೆಯ ಮಾಹಿತಿ ಕಳಿಸುವುದು, ನಡುಗಡಲಿನ ಮಾಲಿನ್ಯ ಕಂಡರೆ ವರದಿ ಮಾಡುವುದು ಅವರ ಕೆಲಸದಲ್ಲಿ ಸೇರಿತ್ತು. ವಿರಾಜಪೇಟೆಯ ನಿವೃತ್ತರಿಗೆ ನಾನು ಮೊದಲು ತೋರಿಸುವುದು ಈ ದೋಣಿಯನ್ನೇ.

ಈಗ ಕಷ್ಟಗಳು. ಮೊನೊಹಲ್ ಗಾಳಿಗೆ ವಾಲುತ್ತದೆ, ಹದಿನೈದು ಇಪ್ಪತ್ತು ಡಿಗ್ರಿ ಓರೆಯಾಗಿಯೇ ಗಂಟೆಗಟ್ಟಲೆ ಓಡುತ್ತದೆ. ಓರೆ ಮೇಜಿನ ಮೇಲೆ ಮೈಕ್ರೋಸ್ಕೋಪ್ ನೋಡುವುದು, ಮಾದರಿಯ ಜಾರ್‌ಗೆ ಆಲ್ಕೋಹಾಲ್ ಸುರಿಯುವುದು ಆಗುವ ಮಾತಲ್ಲ. ಘಾಟಿ ಬಸ್ಸಿನಲ್ಲಿ ಅವೋಮಿನ್ ನುಂಗುವವರು ಇಲ್ಲಿಯೂ ನುಂಗಬೇಕು, ಡಾಕ್ಟರನ್ನು ಕೇಳಿ. ಮಾಂಟಾ ಬಲೆಗೆ ವೇಗ ಇಳಿಸುವುದೂ ಒಂದು ಕಲೆ. ದೊಡ್ಡ ಹಾಯಿ ಇಳಿಸಿ ಮುಂದಿನ ಚಿಕ್ಕ ಹಾಯಿಯಲ್ಲಷ್ಟೇ ತೆವಳಬೇಕು. ಗಾಳಿ ಜಾಸ್ತಿಯಾದರೆ ಅದೂ ವೇಗ, ಗಾಳಿ ಸತ್ತರೆ ಎಂಜಿನ್. ಪ್ರಾಣಿ ಲೆಕ್ಕ ಮಾಡುವವರು ನೇರ ಗೆರೆಯಲ್ಲಿ ಹೋಗಬೇಕಾಗುತ್ತದೆ, ಆದರೆ ಗಾಳಿಗೆ ಎದುರಾಗಿ ಹಾಯಿ ನೇರ ಹೋಗುವುದಿಲ್ಲ. ಹಾಗಾಗಿ ನಕ್ಷೆಯ ಗೆರೆಗಳನ್ನು ಗಾಳಿ ನೋಡಿಯೇ ಹಾಕಬೇಕು.

ಕಣ್ಣಿನ ಎತ್ತರ ಅನ್ನುವ ಸಣ್ಣ ವಿಷಯವೂ ಮುಖ್ಯ. ನೀರಿನಿಂದ ಮೂರು ಮೀಟರ್ ಎತ್ತರದ ಕಣ್ಣಿಗೆ ದಿಗಂತ ಸುಮಾರು ಆರು ಕಿ.ಮೀ. ದೂರ. ಆರು ಮೀಟರ್‌ಗೆ ಏರಿದರೆ ಎಂಟೂ ಮುಕ್ಕಾಲು. ಹಾಯಿ ಕಟ್ಟುವ ಕೂವೆ ಕಂಬದ ಮೇಲೆ ಕೂರಲು ಭದ್ರವಾದ ಜಾಗ ಇಲ್ಲದ ದೋಣಿಯಲ್ಲಿ ತಿಮಿಂಗಿಲದ ಲೆಕ್ಕ ಕಡಿಮೆಯೇ ಬರುತ್ತದೆ.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಸ್ಪರ್ಮ್ ತಿಮಿಂಗಿಲ ಆಳದ ಪ್ರಾಣಿ. ನಮ್ಮ ಕರಾವಳಿಯಿಂದ ಹತ್ತಾರು ಕಿ.ಮೀ. ಹೋದರೂ ಆಳ 200 ಮೀಟರ್ ದಾಟುವುದಿಲ್ಲ. ಅಲ್ಲಿ ಅವು ಸಿಗುವುದು ಅಪರೂಪ. ದಡದ ಹತ್ತಿರ ಇರುವುದು ಗೂನು ಬೆನ್ನಿನ ಡಾಲ್ಫಿನ್, ಡಾಲ್ಫಿನ್‌ನಂಥದ್ದೇ ಆದರೂ ಬೆನ್ನಿನ ರೆಕ್ಕೆ ಇಲ್ಲದ ಫಿನ್‌ಲೆಸ್ ಪಾರ್ಪಾಯ್ಸ್. ಪಾರ್ಪಾಯ್ಸ್ ಮಾಡುವ ಸದ್ದು ಮನುಷ್ಯನ ಕಿವಿಗೆ ಕೇಳುವ ಮಿತಿಗಿಂತ ಎಷ್ಟೋ ಮೇಲೆ, ನೂರು ಕಿಲೋಹರ್ಟ್ಸ್ ದಾಟಿದ್ದು. ಸಾಮಾನ್ಯ ಹೈಡ್ರೋಫೋನ್, ಹೆಡ್‌ಫೋನ್ ಇಟ್ಟುಕೊಂಡು ಕೂತರೆ ಏನೂ ಕೇಳುವುದಿಲ್ಲ, ಬೇರೆ ರೆಕಾರ್ಡರ್ ಬೇಕು. ಗೂನು ಬೆನ್ನಿನ ಡಾಲ್ಫಿನ್ ಅಳಿವೆ ಬಾಗಿಲಿಗೇ ಬರುತ್ತದೆ. ಅದನ್ನು ದಡದಲ್ಲಿ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿ ವರ್ಷಗಟ್ಟಲೆ ಒಳ್ಳೆಯ ದಾಖಲೆ ಮಾಡಬಹುದು, ದೋಣಿಯೇ ಬೇಡ.

ಹಾಗಾದರೆ ಮೊನೊಹಲ್ ಯಾರಿಗೆ? ಲಕ್ಷದ್ವೀಪದ ಕಡೆಗೆ, ಆಳ ಕಡಲಿಗೆ ಹೋಗುವವರಿಗೆ. ಮಂಗಳೂರಿನಿಂದ ಹತ್ತಿರದ ದ್ವೀಪಕ್ಕೂ 250 ಕಿ.ಮೀ.ಗಿಂತ ಜಾಸ್ತಿ. ಐದು ನಾಟ್‌ನಲ್ಲಿ ಹೋದರೆ ಒಂದು ಹಗಲು, ಒಂದು ರಾತ್ರಿ ಮುಗಿದು ಇನ್ನೂ ಕೆಲವು ಗಂಟೆ. ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಬಿಸಿ ನೀರಿಗೆ ಬೆಳ್ಳಗಾಗಿ ಸತ್ತಿತ್ತು, ಅಲ್ಲಿ ನೋಡುವವರ ಕಣ್ಣು ಇನ್ನೂ ಬೇಕು. ಪ್ರವೇಶಕ್ಕೆ ಪರವಾನಗಿ ಬೇಕೇಬೇಕು.

ಕ್ಯಾಟಮರಾನ್

ಎರಡು ಒಡಲು, ನಡುವೆ ಅಗಲ ಅಟ್ಟ. ವಾಲುವುದು ತೀರ ಕಡಿಮೆ. ಬಲೆ ಎಳೆಯಲು, ಜರಡಿ ಹಿಡಿಯಲು, ಡೈವಿಂಗ್ ಮಾಡುವವರು ಇಳಿದು ಹತ್ತಲು ಇಷ್ಟು ಅನುಕೂಲದ ಜಾಗ ಅದೇ ಉದ್ದದ ಬೇರೆ ಯಾವ ಹಾಯಿದೋಣಿಯಲ್ಲೂ ಸಿಗದು. ತಳ ನೀರೊಳಗೆ ಹೆಚ್ಚು ಇಳಿಯದ ಕಾರಣ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿಗೂ (ಲಗೂನ್) ನುಗ್ಗಬಹುದು. ಸೋಲಾರ್ ಹಲಗೆ ಹಾಕಲು ಮೇಲೆ ಬೇಕಾದಷ್ಟು ಜಾಗ ಇದೆ. ಡಿಎನ್‌ಎ ಮಾದರಿಗೆ ಫ್ರೀಜರ್ ಓಡಬೇಕಾದರೆ ಇದು ದೊಡ್ಡ ಲಾಭ.

ಅಮೆರಿಕದ ನಾವಿಕ ಚಾರ್ಲ್ಸ್ ಮೂರ್ 1997ರಲ್ಲಿ ಹವಾಯಿಯಿಂದ ಮನೆಗೆ ಮರಳುತ್ತಾ ಪೆಸಿಫಿಕ್ ನಡುವೆ ತೇಲುವ ಪ್ಲಾಸ್ಟಿಕ್ ಕಂಡದ್ದು ಅಲ್ಗೀಟಾ ಎಂಬ ತಮ್ಮ ಕ್ಯಾಟಮರಾನ್‌ನಿಂದ. ಆಮೇಲೆ ಅದೇ ದೋಣಿಯಲ್ಲಿ ಬಲೆ ಹಿಡಿದು ವಾಪಸ್ ಹೋಗಿ ಅಳೆದರು.

ಇಷ್ಟೆಲ್ಲ ಇದ್ದರೂ ಸುಂಟಿಕೊಪ್ಪದವರಿಗೆ ನಾನು ಈಗಲೇ ತಗೊಳ್ಳಿ ಅನ್ನಲಾರೆ. ಅದೇ ಉದ್ದದ ಮೊನೊಹಲ್‌ಗಿಂತ ಬೆಲೆ ಎಷ್ಟೋ ಜಾಸ್ತಿ. ಅಗಲ ಜಾಸ್ತಿ ಇರುವುದರಿಂದ ನಿಲ್ಲಿಸುವ ಜಾಗದ ಬಾಡಿಗೆಯೂ ಜಾಸ್ತಿ. ಭಾರ ತಾಳುವುದಿಲ್ಲ: ವಿಂಚ್, ಜನರೇಟರ್, ನೀರಿನ ಡ್ರಮ್, ಜಾರುಗಳ ಪೆಟ್ಟಿಗೆ ತುಂಬುತ್ತಾ ಹೋದರೆ ದೋಣಿ ಮಂದವಾಗಿ, ನಡುವಿನ ಅಟ್ಟಕ್ಕೆ ಕೆಳಗಿನಿಂದ ಅಲೆ ಬಡಿಯಲು ಶುರುವಾಗುತ್ತದೆ. ಮೊನೊಹಲ್ ವಾಲಿ ವಾಲಿ ಗಾಳಿ ಜಾಸ್ತಿಯಾಯಿತು ಅಂತ ಎಚ್ಚರಿಸುತ್ತದೆ. ಕ್ಯಾಟಮರಾನ್ ಹಾಗೆ ಹೇಳಿಕೊಡುವುದಿಲ್ಲ. ಹೊತ್ತಿಗೆ ಸರಿಯಾಗಿ ಹಾಯಿ ಇಳಿಸುವ ಅನುಭವಿ ನಾವಿಕ ಇರಲೇಬೇಕು.

ಮತ್ತೆ, ಅದನ್ನು ಎಲ್ಲಿ ನಿಲ್ಲಿಸುತ್ತೀರಿ? ವಿಹಾರ ನೌಕೆಗಳಿಗಂತಲೇ ಕಟ್ಟಿದ ಮರೀನಾ ಅಂದರೆ ನಮಗೆ ಕೊಚ್ಚಿಯ ಬೋಲ್ಗಾಟಿ. ಮಡಿಕೇರಿಯಿಂದ ಅಲ್ಲಿಗೆ ಹೋಗಲು ಒಂದು ದಿನ ಬೇಕು. ತೋಟದಲ್ಲಿ ಆಳುಕಾಳು ನೋಡಿಕೊಂಡು, ತಿಂಗಳಿಗೊಮ್ಮೆ ಹೋಗಿ ದೋಣಿ ನೋಡಿ ಬರುವುದು ಮೊದಲ ವರ್ಷ ಖುಷಿಯಾಗಿರುತ್ತದೆ. ಮೂರನೇ ವರ್ಷ ಯಾರು ಹೋಗುತ್ತಾರೆ ಅನ್ನುವುದನ್ನು ದುಡ್ಡು ಹಾಕುವ ಮೊದಲೇ ಹೆಸರು ಹಿಡಿದು ಬರೆದಿಡಿ.

ಸಣ್ಣ ತೆರೆದ ಹಾಯಿದೋಣಿ

ಟ್ರೈಲರ್ ಮೇಲೆ ಎಳೆದುಕೊಂಡು ಹೋಗಬಹುದಾದ ಹದಿನಾಲ್ಕರಿಂದ ಇಪ್ಪತ್ತು ಅಡಿಯದು. ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ, ಹೊರಗಡಲಿಗೆ ಇದು ಅಲ್ಲ. ಕೆರೆ, ಹಿನ್ನೀರು, ಅಳಿವೆಯ ಒಳಗೆ ನೀರಿನ ಉಷ್ಣತೆ, ಉಪ್ಪು, ತಿಳಿ ನೋಡಬಹುದು. ತಿಳಿ ನೋಡಲು ಸೆಕ್ಕಿ ತಟ್ಟೆ ಸಾಕು: 30 ಸೆಂ.ಮೀ. ಬಿಳಿ ತಟ್ಟೆಗೆ ಅಳತೆ ಗುರುತು ಹಾಕಿದ ಹಗ್ಗ ಕಟ್ಟಿ ಇಳಿಸಿ, ಕಣ್ಣಿಗೆ ಕಾಣದಾಗುವ ಆಳ ಬರೆದುಕೊಳ್ಳುವುದು. 2013ರಿಂದ ಪ್ರಪಂಚದ ಹಾಯಿದೋಣಿಯವರು ಇದೇ ಅಳತೆಯನ್ನು ಫೋನಿನ ಆ್ಯಪ್‌ನಲ್ಲಿ ಹಾಕಿ, ಕಡಲಿನ ಸೂಕ್ಷ್ಮ ಸಸ್ಯಗಳ ಅಧ್ಯಯನಕ್ಕೆ ಕೊಡುತ್ತಿದ್ದಾರೆ. ತಟ್ಟೆಯನ್ನು ಮನೆಯಲ್ಲೇ ಮಾಡಬಹುದು.

ಬೇರೆಯವರ ನೌಕೆಯಲ್ಲಿ ಜಾಗ

ಜನ ಇದನ್ನು ಕೊನೆಗೆ ಯೋಚಿಸುತ್ತಾರೆ, ನಾನು ಮೊದಲೇ ಯೋಚಿಸಿ ಅನ್ನುತ್ತೇನೆ.

ಹಾಯಿ ನೌಕೆಯ ಸಂಶೋಧನೆ ಎಷ್ಟು ದೊಡ್ಡದಾಗಬಹುದು ಅನ್ನುವುದಕ್ಕೆ ತಾರಾ ಸಾಕ್ಷಿ. 1989ರಲ್ಲಿ ಕಟ್ಟಿದ 36 ಮೀಟರ್‌ನ, ಸ್ಕೂನರ್ ಎಂಬ ಬಗೆಯ ಅಲ್ಯೂಮಿನಿಯಂ ಹಾಯಿನೌಕೆ ಅದು. 2009ರಿಂದ 2013ರವರೆಗೆ ಸಾಗರಗಳನ್ನು ಸುತ್ತಿ, ಸುಮಾರು 35,000 ಪ್ಲಾಂಕ್ಟನ್ ಮಾದರಿ ತಂದಿತು. ಅಮೆರಿಕದ ಸೀ ಎಜುಕೇಶನ್ ಅಸೋಸಿಯೇಶನ್‌ನ ಹಾಯಿ ನೌಕೆಗಳಲ್ಲಿ ಹೋದ ವಿದ್ಯಾರ್ಥಿಗಳು 1986ರಿಂದ 2008ರವರೆಗೆ 6,000ಕ್ಕೂ ಜಾಸ್ತಿ ಸಲ ಬಲೆ ಎಳೆದರು. ಅಟ್ಲಾಂಟಿಕ್‌ನ ಪ್ಲಾಸ್ಟಿಕ್ ಬಗ್ಗೆ ಸಿಕ್ಕ ದೊಡ್ಡ ದಾಖಲೆಗಳಲ್ಲಿ ಅದೂ ಒಂದು. ಬಲೆ ಎಳೆದವರಲ್ಲಿ ಬಹುಪಾಲು ಕಾಲೇಜು ಮಕ್ಕಳು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಒಂದೇ ವಿಧಾನವನ್ನು ಇಪ್ಪತ್ತೆರಡು ವರ್ಷ ಬಿಡದೆ ಮಾಡಿದ್ದರಿಂದ ಅದಕ್ಕೆ ಬೆಲೆ ಬಂತು. ಎಮಿಲಿ ಪೆನ್ 2014ರಲ್ಲಿ ಶುರು ಮಾಡಿದ ಎಕ್ಸ್‌ಪೆಡಿಷನ್ ಯೋಜನೆಯಲ್ಲಿ ಹೆಂಗಸರೇ ಹಾಯಿ ನೌಕೆಯಲ್ಲಿ ಹೋಗಿ ಪ್ಲಾಸ್ಟಿಕ್ ಅಧ್ಯಯನ ಮಾಡಿದರು.

ಇಂಥ ಯಾನಗಳ ಖರ್ಚು, ವೀಸಾ, ವಿಮಾನ ಸೇರಿದರೆ ಕಡಿಮೆ ಅಲ್ಲ. ಪ್ರಶ್ನೆಯೂ ಅವರದು, ಕಡಲೂ ಅವರದು. ಆದರೆ ಬಲೆ ಹಾಕುವುದು, ಮಾದರಿ ಕೆಡದ ಹಾಗೆ ಇಡುವುದು, ರಾತ್ರಿ ಪಾಳಿ ನಿಲ್ಲುವುದು ಎಲ್ಲ ಕಲಿತು ಬರುತ್ತೀರಿ. ಭಾರತದಲ್ಲೇ ಬೇಕಾದರೆ ಗೋವಾ ಡೋನಾ ಪೌಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗೆ ಸಿಂಧು ಸಾಧನಾದಂಥ ನೌಕೆ ಇದೆ. ಅದಕ್ಕೆ ಹಾಯಿ ಇಲ್ಲ, ದಾರಿ ಓದಿನ ಮೂಲಕ. ಸಾಗರ ವಿಜ್ಞಾನ ಓದಬೇಕು ಅನ್ನುವ ಮಕ್ಕಳಿಗೆ ನೇರ ಆ ಕಡೆ ಬೆರಳು ತೋರಿಸಿ.

ಸೇತುವೆ ಮೇಲಿನಿಂದ

ನಿಮ್ಮ ವಾಕ್ಯ "ಕೊಡಗಿನಿಂದ ಎಷ್ಟು ಪ್ಲಾಸ್ಟಿಕ್ ಹೋಗುತ್ತದೆ" ಅಂತಿದ್ದರೆ ದೋಣಿ ಬಿಟ್ಟುಬಿಡಿ. ಕಡಲಿನಲ್ಲಿ ಸಿಕ್ಕ ಚೂರು ಸಂಪಾಜೆಯದೋ ಸೂರತ್‌ನದೋ ಹೇಳಲಾಗುವುದಿಲ್ಲ. ಪಯಸ್ವಿನಿಯ ಸೇತುವೆಯಿಂದ ಅದೇ ಬಗೆಯ ಬಲೆಯನ್ನು ಹಗ್ಗ ಕಟ್ಟಿ ಇಳಿಸಿ, ನೀರಿನ ವೇಗ ಅಳೆದು, ನಿಗದಿತ ಹೊತ್ತು ಹಿಡಿದರೆ ಉತ್ತರ ನೇರವಾಗಿ ಸಿಗುತ್ತದೆ. ಹೊಳೆ ತುಂಬಿ ಬಂದ ದಿನ ಮಾತ್ರ ಹತ್ತಿರ ಹೋಗಬೇಡಿ.

ಹಾಗಾದರೆ ಯಾರಿಗೆ ಯಾವುದು

ಗೋಣಿಕೊಪ್ಪದ ಮೇಡಂಗೆ: ಈ ವರ್ಷ ಹೊಳೆಯ ಬಲೆ, ಮುಂದಿನ ಅಕ್ಟೋಬರ್‌ನಲ್ಲಿ ಮೀನುಗಾರಿಕಾ ಕಾಲೇಜಿನ ಜೊತೆ ಸೇರಿ ಬಾಡಿಗೆ ಬೋಟು. ಹೊಳೆ ಮತ್ತು ಅಳಿವೆಯ ಹೊರಗಿನ ಮಾದರಿ ಅಕ್ಕಪಕ್ಕ ಇಟ್ಟರೆ ವಿದ್ಯಾರ್ಥಿಗಳಿಗೆ ಇಡೀ ದಾರಿ ಕಾಣುತ್ತದೆ. ಬಜೆಟ್ ಕಡಿಮೆ ಇದ್ದರೆ ಬೋಟಿನ ದಿನ ಒಂದೇ ಇರಲಿ, ಆದರೆ ಪ್ರತಿ ವರ್ಷ ಅದೇ ವಾರ, ಅದೇ ಜಾಗ, ಅದೇ ಬಲೆ ಇರಲಿ.

ವಿರಾಜಪೇಟೆಯವರಿಗೆ ಮೊನೊಹಲ್ ಸರಿ, ಕೊಳ್ಳುವುದು ಆಮೇಲೆ. ಸಮುದ್ರದ ಅನುಭವ ಅವರಿಗಿದೆ, ಹಾಯಿಯ ಅನುಭವ ಬೇರೆ. ಮೊದಲು ಗೋವಾ ಅಥವಾ ಮುಂಬೈಯಲ್ಲಿ ತರಬೇತಿ ಪಡೆದು, ಒಂದು ಋತು ಬಾಡಿಗೆ ಅಥವಾ ಗೆಳೆಯರ ದೋಣಿಯಲ್ಲಿ ಹೋಗಿ ಬರಲಿ. ಅಷ್ಟರಲ್ಲಿ ಅಳಿವೆಯ ದಡದಿಂದ ಡಾಲ್ಫಿನ್ ದಾಖಲೆ ಶುರು ಮಾಡಬಹುದು. ಕಂಡದ್ದನ್ನು ಮರೈನ್ ಮ್ಯಾಮಲ್ ರಿಸರ್ಚ್ ಅಂಡ್ ಕನ್ಸರ್ವೇಶನ್ ನೆಟ್‌ವರ್ಕ್ ಆಫ್ ಇಂಡಿಯಾದ ಜಾಲತಾಣಕ್ಕೆ ಹಾಕಿದರೆ ವಿಜ್ಞಾನಿಗಳ ಕೈಗೆ ಸೇರುತ್ತದೆ. ಹಳೆಯ ದೋಣಿ ಕೊಳ್ಳುವಾಗ ನೀರಿನಿಂದ ಮೇಲೆತ್ತಿಸಿ ತಳ, ಚುಕ್ಕಾಣಿ, ಕೂವೆ ಕಂಬದ ಬುಡ ಪರೀಕ್ಷೆ ಮಾಡಿಸದೆ ದುಡ್ಡು ಕೊಡಬಾರದು. ಉಕ್ಕಿನ ಒಡಲು ಗಟ್ಟಿ, ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ನಮ್ಮ ಕಡೆ ಬೆಸುಗೆ ಹಾಕುವವರು ಸಿಗುವುದು ಕಷ್ಟ. ಫೈಬರ್ ರಿಪೇರಿ ನಾಡದೋಣಿ ಮಾಡುವವರಿಗೂ ಗೊತ್ತು, ಅದಕ್ಕೇ ನನ್ನ ಓಟು ಫೈಬರ್‌ಗೆ.

ಸುಂಟಿಕೊಪ್ಪದ ಗುಂಪಿಗೆ: ಕ್ಯಾಟಮರಾನ್‌ಗೆ ಅಂತ ತೆಗೆದಿಟ್ಟ ದುಡ್ಡಿನ ಸಣ್ಣ ಪಾಲಿನಲ್ಲೇ ಒಂದು ಮಾಂಟಾ ಬಲೆ, ಒಂದು ಹೈಡ್ರೋಫೋನ್, ಜರಡಿ, ಜಾರುಗಳು ಬರುತ್ತವೆ. ಅವನ್ನು ಕಾಲೇಜುಗಳಿಗೆ ಎರವಲು ಕೊಡಿ, ಬೋಟಿನ ಬಾಡಿಗೆ ಭರಿಸಿ. ಎರಡು ಮೂರು ವರ್ಷ ಕೆಲಸ ನಡೆದು, ಲಕ್ಷದ್ವೀಪದ ಕಡೆ ಹೋಗಲೇಬೇಕು ಅನ್ನುವ ಗಟ್ಟಿ ಪ್ರಶ್ನೆಯೂ, ಅದನ್ನು ನಡೆಸುವ ವಿಜ್ಞಾನಿಯೂ, ಕೊಚ್ಚಿಯಲ್ಲಿ ದೋಣಿ ನೋಡಿಕೊಳ್ಳುವ ನಾವಿಕನೂ ಸಿಕ್ಕರೆ, ಆಗ ಕ್ಯಾಟಮರಾನ್ ಮಾತು ಮತ್ತೆ ತೆಗೆಯಿರಿ.

ಬೋಟಿಗೆ ಅಡ್ವಾನ್ಸ್ ಕೊಡುವ ಮುಂಚೆ ತಾಂಡೇಲರ ಹತ್ತಿರ ಇಷ್ಟು ಮಾತಾಡಿಕೊಳ್ಳಿ: ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸುತ್ತಾರಾ, ಕೇಳಿದಾಗ ಎಂಜಿನ್ ಆರಿಸುತ್ತಾರಾ, ಪಕ್ಕಕ್ಕೆ ಕೋಲು ಕಟ್ಟಲು ಜಾಗ ಇದೆಯಾ, ಮತ್ತೆ ಅವರು "ಇವತ್ತು ಬೇಡ" ಅಂದ ದಿನ ಅಡ್ವಾನ್ಸ್ ಮುಂದಿನ ತಾರೀಕಿಗೆ ಉಳಿಯುತ್ತದಾ.